ಆ ನಿಲ್ದಾಣದ ಹೆಸರಿನ ಬಗ್ಗೆ ಒಂದು ಮಾತು

ಮುಂಬೈನ ಮೂರನೇ ಮೆಟ್ರೊ ಮಾರ್ಗದ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. 33.5 ಕಿ.ಮೀ., 27 ನಿಲ್ದಾಣ, ಆರೆ ಒಂದನ್ನು ಬಿಟ್ಟು ಉಳಿದದ್ದೆಲ್ಲ ನೆಲದಡಿ ಅಂತ ಸರಿಯಾಗಿಯೇ ಬರೆದಿದ್ದೀರಿ. ಆದರೆ ಜಗನ್ನಾಥ ಶಂಕರಶೇಟ್ ನಿಲ್ದಾಣಕ್ಕೆ ಆ ಹೆಸರು ಯಾರದು ಅಂತ ಹೇಳಬೇಕಿತ್ತು. 1853ರಲ್ಲಿ ಬೋರಿಬಂದರದಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿಸಿದ ಕಂಪನಿಯ ನಿರ್ದೇಶಕರಲ್ಲಿ ಅವರೂ ಒಬ್ಬರು. ಅಂಥವರ ಹೆಸರು ಸುಮ್ನೆ ಬೋರ್ಡಿನಲ್ಲಿ ಉಳಿಯಬಾರದು, ಅಲ್ವಾ?

ನಾವು ಅಕ್ಕಲಕೋಟೆಯವರು. ತಂಗಿ ಮುಂಬೈನ ಮರೋಳದಲ್ಲಿದ್ದಾಳೆ. ಮೊದಲೆಲ್ಲ ಸೋಲಾಪುರದಿಂದ ಮುಂಬೈಗೆ ಬರುವ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಇಳಿದು, ಕಡಕ್ ರೊಟ್ಟಿ, ಶೇಂಗಾ ಚಟ್ನಿಯ ಚೀಲ ಎದೆಗವಚಿಕೊಂಡು ಲೋಕಲ್ ಹತ್ತುತ್ತಿದ್ದೆವು. 2025ರ ಅಕ್ಟೋಬರ್‌ನಲ್ಲಿ ಕಫ್ ಪರೇಡ್‌ವರೆಗೂ ಮಾರ್ಗ ತೆರೆದ ಮೇಲೆ ಆ ರೈಲು ಬಂದು ನಿಲ್ಲುವ ಸಿಎಸ್‌ಎಂಟಿಯಲ್ಲೇ (ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್) ಮೆಟ್ರೊ ಹತ್ತಿದರೆ ನೇರ ಮರೋಳ ನಾಕಾ. ಧಾರಾವಿ ದಾಟಿ ಮೀಠಿ ನದಿಯ ಕೆಳಗೆ ಹೋಗುವಾಗ ಅವ್ವ ಕಿಟಕಿಗೆ ಅಂಗೈ ಒತ್ತಿ, "ಈಗ ನಮ್ಮ ಮ್ಯಾಲೆ ನೀರು ಹರೀಲಿಕತ್ತದೇನು?" ಅಂತ ಕೇಳಿದಳು.