ಇದೇ ಡಿಸೈನಂತೆ, ಒಂಬೈನೂರಂತೆ!

ನಿನ್ನೆ ಸಂಜೆ ಕರಕುಶಲ ಮೇಳಕ್ಕೆ ಹೋಗಿದ್ದೆ. ಏನೂ ಕೊಳ್ಳಲ್ಲ ಅಂತ ಶಪಥ ಮಾಡಿಯೇ ಹೋಗಿದ್ದು. (ನನ್ನ ಶಪಥಗಳ ಆಯಸ್ಸು ನಿಮಗೆ ಗೊತ್ತು.) ಅಲ್ಲೊಬ್ಬ ಕಾಶ್ಮೀರದ ವ್ಯಾಪಾರಿ ಹಾಲುಬಣ್ಣದ ಪಶ್ಮಿನಾ ಶಾಲು ಬಿಚ್ಚಿ ತೋರಿಸುತ್ತಿದ್ದ. ನಾಲ್ಕೂ ಅಂಚಿಗೆ ಸೋಜ್ನಿ, ಅಂದರೆ ಕಾಶ್ಮೀರದ ಸೂಕ್ಷ್ಮ ಸೂಜಿ ಕಸೂತಿ. ನನ್ನ ಮುಂದಿದ್ದವರು ಬೆಲೆ ಕೇಳಿದರು. ಮೂವತ್ತೆಂಟು ಸಾವಿರ ಅಂದ. ಅವರು ನಕ್ಕುಬಿಟ್ಟರು. "ಭಯ್ಯಾ, ಇದೇ ಡಿಸೈನು ಆನ್‌ಲೈನಲ್ಲಿ ಒಂಬೈನೂರಕ್ಕೆ ಸಿಗುತ್ತೆ. ಸಾವಿರದಿನ್ನೂರು ಕೊಡ್ತೀನಿ, ಪ್ಯಾಕ್ ಮಾಡಿ."

ಆತ ಒಂದು ಮಾತೂ ಆಡಲಿಲ್ಲ. ಶಾಲು ಮಡಚಿ ಬಟ್ಟೆಯಲ್ಲಿ ಸುತ್ತಿಟ್ಟ. ಮೈ ಉರಿದದ್ದು ನನಗೆ.

ಇದೇ ಡಿಸೈನಂತೆ! ಆ ಉಣ್ಣೆ ಲಡಾಖಿನ ಚಾಂಗ್‌ತಾಂಗ್‌ನ ಆಡುಗಳ ಮೈಯದ್ದು. ಅಲ್ಲಿನ ಚಳಿ ತಡೆಯಲು ಹೊರಗೂದಲಿನ ಕೆಳಗೆ ಬೆಳೆಯುವ ನಯವಾದ ತುಪ್ಪಳ. ಚಳಿಗಾಲ ಮುಗಿದ ಮೇಲೆ ಬಾಚಿ ತೆಗೆಯುತ್ತಾರೆ. ಒಂದೊಂದು ಎಳೆ 12ರಿಂದ 16 ಮೈಕ್ರಾನ್ ಅಷ್ಟೇ, ನಮ್ಮ ತಲೆಗೂದಲು ಅದರ ಮುಂದೆ ಹಗ್ಗ. ಮಷೀನಿಗೆ ಕೊಟ್ಟರೆ ಸುಮ್ನೆ ಹರಿದುಹೋಗುತ್ತೆ, ನೈಲಾನ್ ಬೆರೆಸಬೇಕಾಗುತ್ತೆ. ಅದಕ್ಕೇ ಕಾಶ್ಮೀರದ ಹೆಂಗಸರು ಚರಕದಲ್ಲಿ ಕೈಯಿಂದ ನೂಲುತ್ತಾರೆ. ಆಮೇಲೆ ನೇಯ್ಗೆ, ಆಮೇಲೆ ನಕ್ಕಾಶ್, ಅಂದರೆ ವಿನ್ಯಾಸಗಾರ, ಬರೆದ ಚಿತ್ತಾರ ಬಟ್ಟೆಗೆ ಇಳಿಸುವುದು. ಸೂಜಿ ಹಿಡಿಯುವವನ ಸರದಿ ಬರುವುದು ಎಲ್ಲಕ್ಕೂ ಕೊನೆಗೆ. ಅಂಚು ಮಾತ್ರ ತುಂಬಿಸಲು ತಿಂಗಳುಗಟ್ಟಲೆ. ಶಾಲು ಪೂರ್ತಿ ತುಂಬಿಸುವ ಜಾಮಾವಾರ್ ಆದರೆ ವರ್ಷಗಳೇ. ಕತ್ತು ಬಗ್ಗಿಸಿ ಕೂತು, ಕಣ್ಣು ಕಳಕೊಂಡು.

ನಮ್ಮ ಅಜ್ಜಿಯ ಕಸೂತಿ ಪುರಾಣ ನಿಮಗೆಲ್ಲ ಬಾಯಿಪಾಠ ಆಗಿದೆ, ಮತ್ತೆ ಹೇಳಲ್ಲ. ಸರಿ, ಹೇಳ್ತೇನೆ. ಧಾರವಾಡದ ಮನೆಯ ಪಡಸಾಲೆಯಲ್ಲಿ ಕೂತು ಇಳಕಲ್ ಸೀರೆಗೆ ಗವಂತಿ ಎಂಬ ಕಸೂತಿ ಹೊಲಿಗೆ ಹಾಕುತ್ತಿದ್ದಳು. ಗಂಟು ಹಾಕುವ ಹಾಗಿಲ್ಲ, ಹಿಂದೂ ಮುಂದೂ ಒಂದೇ ಥರ ಕಾಣಬೇಕು. ಸೋಜ್ನಿಯಲ್ಲೂ ಎರಡು ಬದಿಯೂ ನೋಡುವಂತಿರುವ ದೋರುಖಾ ಅಂತ ಒಂದಿದೆ. ಅದನ್ನು ಮೊದಲು ಕಂಡಾಗ ನನಗೆ ನೆನಪಾದದ್ದು ಅಜ್ಜಿಯ ಮೂಗಿನ ತುದಿಗೆ ಜಾರಿದ ಕನ್ನಡಕ. ಅವಳ ಸೀರೆಯನ್ನೂ ಯಾರೋ "ಪ್ರಿಂಟಾ?" ಅಂತ ಕೇಳಿದ್ದರು. ಆ ಸಿಟ್ಟು ನಮ್ಮ ಮನೆತನದ ಆಸ್ತಿ.

ಈಗ ಇತಿಹಾಸ ಓದಿದ ಗೆಳೆಯರೊಬ್ಬರು ಓಡಿಬರುತ್ತಾರೆ, ಗೊತ್ತು. "ಮೇಡಂ, ಈ ಸೂಜಿ ಕೆಲಸವೇ ಒಂದು ಕಾಲದ ಅಗ್ಗದ ನಕಲು." ನಿಜವೇ. ಮೊದಲು ಚಿತ್ತಾರವನ್ನು ಮರದ ಸಣ್ಣ ಕಡ್ಡಿಗಳಿಂದ ಮಗ್ಗದಲ್ಲೇ ನೇಯುತ್ತಿದ್ದರು, ಅದು ಕಾನಿ ಶಾಲು. 1803ರ ಸುಮಾರಿಗೆ ಖ್ವಾಜಾ ಯೂಸುಫ್ ಎಂಬ ಅರ್ಮೇನಿಯನ್ ವ್ಯಾಪಾರಿ ಅದೇ ಚಿತ್ತಾರವನ್ನು ಸೂಜಿಯಲ್ಲಿ ಹಾಕಿಸಿದ. ಖರ್ಚು ಕಡಿಮೆ, ಸುಂಕವೂ ತಪ್ಪಿತು. ಆದರೆ ಸ್ವಾಮಿ, ಆ ನಕಲಿಗೂ ಒಬ್ಬ ಮನುಷ್ಯ ಕೂರಬೇಕಿತ್ತು. ಒಂಬೈನೂರರ ನಕಲಿಗೆ ಕರೆಂಟ್ ಇದ್ದರೆ ಸಾಕು.

"ಅಸಲಿ ಅಂತ ಗುರುತಿಸೋದು ಹೇಗೆ?" ಅಂತಲೂ ಕೇಳುತ್ತೀರಿ. 2008ರಲ್ಲೇ ಕಾಶ್ಮೀರ ಪಶ್ಮಿನಾಕ್ಕೆ ಜಿಐ ಟ್ಯಾಗ್, ಅಂದರೆ ಇಂಥ ಊರಿನದ್ದೇ ಎಂಬ ಗುರುತು, ಸಿಕ್ಕಿದೆ. ಲೇಬಲ್ ಕೇಳಿ, ಶಾಲು ತಿರುಗಿಸಿ ಹಿಂಬದಿ ನೋಡಿ. ಕೈಕೆಲಸದಲ್ಲಿ ಎಲ್ಲೋ ಒಂದು ಎಲೆ ಸೊಟ್ಟಗಿರುತ್ತೆ. ಅಷ್ಟು ವ್ಯವಧಾನ ಯಾರಿಗಿದೆ? ಸನ್ಮಾನದ ಶಾಲಿಗೆ ಒಗ್ಗಿದ ಕಣ್ಣು ನಮ್ಮದು. ಅಪ್ಪನ ನಿವೃತ್ತಿ ದಿನ ಬಂದ ಹನ್ನೊಂದು ಶಾಲುಗಳಲ್ಲಿ ಎರಡು ಇವತ್ತಿಗೂ ನಮ್ಮ ಇಸ್ತ್ರಿ ಟೇಬಲ್ ಮೇಲಿವೆ.

ಇಷ್ಟು ಕೂಗಾಡುವ ನಾನೇನು ಸಾಚಾ ಅಲ್ಲ. ಮೊದಲ ಸಲ ಶ್ರೀನಗರಕ್ಕೆ ಹೋದಾಗ ಒಬ್ಬ ಶಾಲನ್ನು ಉಂಗುರದೊಳಗೆ ತೂರಿಸಿ ತೋರಿಸಿದ. ನಾನು ಬಾಯಿಬಿಟ್ಟುಕೊಂಡು ನೋಡಿ, ಚೌಕಾಸಿ ಮಾಡಿ, ಸಾವಿರದೈನೂರಕ್ಕೆ "ಪಶ್ಮಿನಾ" ಗೆದ್ದುಕೊಂಡು ಬಂದೆ. ನುಣುಪಾದ ವಿಸ್ಕೋಸ್ ಎಂಬ ಅಗ್ಗದ ಕಾರ್ಖಾನೆ ನೂಲು ಕೂಡ ಉಂಗುರದಲ್ಲಿ ಸಲೀಸಾಗಿ ತೂರುತ್ತೆ ಅಂತ ಗೊತ್ತಾಗುವಷ್ಟರಲ್ಲಿ ಅದು ಅತ್ತೆಯವರ ಕಬ್ಬಿಣದ ಪೆಟ್ಟಿಗೆ ಸೇರಿ, ನುಸಿಗುಳಿಗೆ ನಡುವೆ ಮಲಗಿತ್ತು. ಅವರು ಮದುವೆ ಮುಂಜಿಗೆ ಮಾತ್ರ ತೆಗೆಯುತ್ತಾರೆ. "ಸೊಸೆ ತಂದ ಪಶ್ಮಿನಾ."

ನಿನ್ನೆ ಆ ಮೂವತ್ತೆಂಟು ಸಾವಿರದ ಶಾಲು ನನ್ನ ಯೋಗ್ಯತೆಯದ್ದಲ್ಲ. ಸಾದಾ ಉಣ್ಣೆಯ ರಫಲ್ ಸ್ಟೋಲ್ ಒಂದಿತ್ತು, ತುದಿಗೆ ಮಾತ್ರ ಸೋಜ್ನಿ. ಆರೂವರೆ ಸಾವಿರ ಅಂದ. "ಆರು ಮಾಡಿ" ಅಂತ ಬಾಯಿ ತಾನೇ ಅಂದುಬಿಟ್ಟಿತು! ಆತ ನನ್ನ ಮುಖ ನೋಡಿದ. ನಾನು ಬೇಗ ಬೇಗ ಆರೂವರೆ ಸಾವಿರವನ್ನೇ ಕೊಟ್ಟು ಬಂದೆ.

ಮನೆಗೆ ಬಂದು ಅತ್ತೆಯವರಿಗೆ ತೋರಿಸಿದೆ. ಬೆರಳಲ್ಲಿ ಉಜ್ಜಿ ನೋಡಿದರು. "ಚೆನ್ನಾಗಿದೆ ಕಣೇ. ಆದ್ರೆ ನನ್ನ ಪಶ್ಮಿನಾದಷ್ಟು ನೈಸಿಲ್ಲ" ಅಂದರು.

ಹೌದತ್ತೆ ಅಂದೆ.