ಹೊಸ ಕೋವಿಗೆ ಎಂತ ಪರೀಕ್ಷೆ ಮಾರಾಯ?

ದಸರಾ ಹೊತ್ತಿಗೆ ಊರಿಗೆ ವಿಡಿಯೋ ಕಾಲ್ ಮಾಡಿದ್ದೆ. ಬಣಕಲ್ ಹತ್ತಿರದ ತೋಟದ ಮನೆಯ ಜಗಲಿಯಲ್ಲಿ ದೊಡ್ಡಪ್ಪ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಹೊಸದಾಗಿ ಕೊಂಡ ಪಾಯಿಂಟ್ ಟೂಟೂ (.22) ರೈಫಲ್ಲನ್ನು ಕ್ಯಾಮೆರಾ ಮುಂದೆ ಹಿಡಿದೆ.

"ಇದ್ರಲ್ಲಿ ಹಂದಿ ಬೀಳುತ್ತಾ?" ಅಂದರು.

"ಇಲ್ಲ ದೊಡ್ಡಪ್ಪ, ಇದು ಹಾಳೆಗೆ ಹೊಡೆಯೋದು."

"ಹಾಳೆಗಾ!"

ಬೆಲೆ ಹೇಳಿದೆ. ಒಳಗಿನಿಂದ ದೊಡ್ಡಮ್ಮ ಏನೋ ಅಂದರು. ನೆಟ್‌ವರ್ಕ್ ಸರಿಯಿಲ್ಲದೆ ಕೇಳಿಸಲಿಲ್ಲ, ಒಳ್ಳೆಯದೇ ಆಯಿತು. ಇದನ್ನು ಪರೀಕ್ಷೆಗೆ ತಗೊಂಡು ಹೋಗಬೇಕು, ದೂರ ಇದೆ, ಮೊದಲೇ ಹೇಳಿ ಸಮಯ ತಗೊಂಡಿದ್ದೇನೆ ಅಂದೆ. ಆಗ ದೊಡ್ಡಪ್ಪ ಜೋರಾಗಿ ನಕ್ಕರು. "ಹೊಸ ಕೋವಿಗೆ ಎಂತ ಪರೀಕ್ಷೆ ಮಾರಾಯ? ಹಾಳಾಗಿದ್ದು ಕೊಟ್ರಾ ನಿಂಗೆ?"

ಆ ನಗು ಚುಚ್ಚಿತು. ಯಾಕೆಂದರೆ ಇಲ್ಲಿ ಜರ್ಮನಿಯ ಸ್ಟಟ್‌ಗಾರ್ಟ್‌ನಲ್ಲಿ ನಮ್ಮ ಶೂಟಿಂಗ್ ಕ್ಲಬ್ಬಿನ ಹಿರಿಯರೊಬ್ಬರು ಅದೇ ವಾರ ಬೇರೆಯೇ ಪ್ರಶ್ನೆ ಕೇಳಿದ್ದರು. ರೈಫಲ್ ಚೆನ್ನಾಗಿದೆ ಅಂತ ಒಂದು ಮಾತು ಆಡಲಿಲ್ಲ. ಕೈಯಲ್ಲಿ ಹಿಡಿದೂ ನೋಡಲಿಲ್ಲ. "ಯಾವ ಲಾಟ್ ತೋಟಾ ಒಗ್ಗುತ್ತೆ ಅಂತ ಗೊತ್ತಾಯ್ತಾ?" ಅಂದರು. ಲಾಟ್ ಅಂದರೆ ಕಾರ್ಖಾನೆಯಲ್ಲಿ ಒಂದೇ ಸಲಕ್ಕೆ ತಯಾರಾದ ಕಂತು. ಇನ್ನೂ ಇಲ್ಲ ಅಂದೆ. "ಹಾಗಾದ್ರೆ ನೀವಿನ್ನೂ ರೈಫಲ್ ತಗೊಂಡಿಲ್ಲ ಅನ್ನಿ" ಅಂದವರೇ ಕಾಫಿ ತರಲು ಹೋದರು. ಆ ಕಾಫಿಯ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ನಮ್ಮ ಮೂಡಿಗೆರೆ ಕಡೆ ಒಂದು ಕೋವಿ ಒಳ್ಳೆಯದು ಅಂತ ತೀರ್ಮಾನ ಆಗೋದು ಹೇಗೆ? ಕತೆಯಿಂದ. ಅಜ್ಜನ ಕಾಲದ ಜೋಡಿ ನಳಿಗೆ ಕೋವಿ ನಮ್ಮ ಮನೆಯಲ್ಲೂ ಇದೆ. ಯಾವುದೋ ಮಳೆಗಾಲದಲ್ಲಿ, ಯಾವುದೋ ಗದ್ದೆಯ ಬದುವಿನಲ್ಲಿ, ಒಂದೇ ಈಡಿಗೆ ಏನೋ ಬಿತ್ತಂತೆ. ಬೇಟೆ ನಿಲ್ಲಿಸಿದ 1972ರ ವನ್ಯಜೀವಿ ಕಾನೂನಿಗಿಂತ ಹಿಂದಿನ ಮಾತು ಅಂತ ಎಲ್ಲರೂ ಮೊದಲೇ ಹೇಳಿಬಿಡುತ್ತಾರೆ. ಬಿದ್ದ ಜಾಗ ಮಾತ್ರ ಹೇಳಿದಷ್ಟೂ ಸಲ ಸ್ವಲ್ಪ ದೂರ ಹೋಗುತ್ತದೆ. ನಾನು ಚಿಕ್ಕವನಿದ್ದಾಗ ಅದು ಹಲಸಿನ ಮರದ ಹತ್ತಿರ ಇತ್ತು. ಈಗ ಹಳ್ಳದ ಆಚೆ ದಡದಲ್ಲಿದೆ. "ಎಡಗಡೆ ನಳಿಗೆ ದೂರ ಹೊಡೆಯುತ್ತೆ" ಅನ್ನೋದು ಮನೆಯಲ್ಲಿ ಯಾರೂ ತಿರುಗಿ ಕೇಳದ ಮಾತು.

ಇದರಲ್ಲಿ ನಿಜ ಇರಬಹುದು. ಜೋಡಿ ನಳಿಗೆಯಲ್ಲಿ ಒಂದರ ಬಾಯಿ ಸ್ವಲ್ಪ ಬಿಗಿಯಾಗಿ ಮಾಡಿರುತ್ತಾರೆ, ಚರೆ ಬೇಗ ಹರಡದೆ ಗುಂಪಾಗಿ ಹೋಗಲಿ ಅಂತ. ಚೋಕ್ ಅನ್ನುತ್ತಾರೆ. ಅದನ್ನು ನೋಡಲು ಸುಲಭದ ದಾರಿಯೂ ಇದೆ. 40 ಗಜ ದೂರದಲ್ಲಿ ದೊಡ್ಡ ಹಾಳೆ ಕಟ್ಟಬೇಕು. ಒಂದೊಂದು ನಳಿಗೆಯಿಂದ ಒಂದೊಂದು ಈಡು. ಚರೆ ಜಾಸ್ತಿ ಬಿದ್ದ ಕಡೆ 30 ಇಂಚಿನ ವೃತ್ತ ಎಳೆದು ಒಳಗಿನ ತೂತು ಎಣಿಸಿದರೆ ಮುಗಿಯಿತು. ರಜೆಗೆ ಹೋದಾಗ ಒಮ್ಮೆ ಇದನ್ನು ಹೇಳಿದೆ. ಎರಡೇ ತೋಟಾ ಸಾಕು ದೊಡ್ಡಪ್ಪ ಅಂದೆ. ಅವರ ಮುಖ ಗಂಟಾಯಿತು. "ನಮ್ಮಪ್ಪನ ಕೋವಿ ಮೇಲೆ ನಿಂಗೆ ಅನುಮಾನವಾ?" ಅಂದರು. ರಾತ್ರಿ ಊಟಕ್ಕೆ ಕೂತಾಗಲೂ ಮಾತು ಕಮ್ಮಿ. ನಾನು ಅಕ್ಕಿ ರೊಟ್ಟಿ ಒಂದು ಜಾಸ್ತಿ ಹಾಕಿಸಿಕೊಂಡು ಸುಮ್ಮನಾದೆ.

ಪರೀಕ್ಷೆ ಮಾಡಿದರೆ ಅವಮಾನ ಮಾಡಿದ ಹಾಗೆ. ನಮ್ಮ ಕಡೆಯ ಲೆಕ್ಕ ಇದು.

ನನ್ನ ರೈಫಲ್ ಉಲ್ಮ್‌ನಲ್ಲಿ ತಯಾರಾದದ್ದು. ಇಲ್ಲಿಂದ ರೈಲಿನಲ್ಲಿ ಒಂದು ಗಂಟೆಯ ದಾರಿ. ಅದನ್ನು ಮಾಡಿದ ಆನ್ಶುಟ್ಸ್ ಕಂಪನಿ ಶುರುವಾದದ್ದು 1856ರಲ್ಲಿ. ಒಲಿಂಪಿಕ್ಸ್‌ನ 50 ಮೀಟರ್ ಸಾಲಿನಲ್ಲಿ ಆ ಹೆಸರು ಮತ್ತೆ ಮತ್ತೆ ಕಾಣುತ್ತದೆ. ಅಷ್ಟು ದೊಡ್ಡ ಮನೆತನ. ಆದರೂ ರೈಫಲ್ ಜೊತೆ ಒಂದು ಗುರಿ ಹಾಳೆ ಇಟ್ಟು ಕಳಿಸುತ್ತಾರೆ. ಕಾರ್ಖಾನೆಯಲ್ಲಿ ಇದೇ ನಳಿಗೆಯಿಂದ 50 ಮೀಟರ್ ದೂರಕ್ಕೆ ಹೊಡೆದ ತೂತುಗಳು ಅದರಲ್ಲಿರುತ್ತವೆ. ನಮ್ಮ ಕ್ಲಬ್ಬಿನವರು ಆ ಹಾಳೆಯನ್ನೂ ಪೂರ್ತಿ ನಂಬುವುದಿಲ್ಲ. ಅದು ಯಾವ ತೋಟಾದಲ್ಲಿ ಹೊಡೆದದ್ದು, ಆ ಲಾಟ್ ಈಗ ಸಿಗುತ್ತಾ ಅಂತ ಕೇಳುತ್ತಾರೆ.

ಹಾಗೆ ಕೇಳೋದಕ್ಕೆ ಕಾರಣ ಇದೆ. ಪಾಯಿಂಟ್ ಟೂಟೂ ಅನ್ನೋದು ರಿಮ್‌ಫೈರ್. ನಮ್ಮ 12 ಬೋರ್ ತೋಟಾದ ಬುಡದ ನಡುವೆ ಕೇಪು ಇರುತ್ತಲ್ವಾ, ಇದರಲ್ಲಿ ಅದಿಲ್ಲ. ಹಿತ್ತಾಳೆ ಕೊಳವೆಯ ಬುಡದ ಅಂಚಿನೊಳಗೇ, ಸುತ್ತಲೂ, ಕಿಡಿ ಹೊತ್ತಿಸುವ ಮದ್ದು ಕೂತಿರುತ್ತದೆ. ಪಿನ್ ಬಂದು ಆ ಅಂಚಿಗೆ ಬಡಿಯುತ್ತದೆ. ಮದ್ದು ಸುತ್ತಲೂ ಒಂದೇ ಸಮ ಇಲ್ಲದಿದ್ದರೆ ಗುಂಡಿನ ವೇಗದಲ್ಲಿ ಏರುಪೇರು. ದೊಡ್ಡ ರೈಫಲ್ಲಿನವರು ಖಾಲಿ ತೋಟಾಕ್ಕೆ ಮನೆಯಲ್ಲೇ ಮದ್ದು ತೂಗಿ ತುಂಬಿಕೊಳ್ಳುತ್ತಾರೆ. ರಿಮ್‌ಫೈರ್‌ನಲ್ಲಿ ಆ ದಾರಿ ಇಲ್ಲ. ಕಾರ್ಖಾನೆ ಕೊಟ್ಟಿದ್ದನ್ನೇ ಹೊಡೆಯಬೇಕು. ಹಾಗಾಗಿ ಒಂದೇ ಕಂಪನಿ, ಒಂದೇ ಹೆಸರಿನ ಡಬ್ಬಿ ಆದರೂ ಲಾಟ್ ನಂಬರ್ ಬದಲಾದರೆ ಹಾಳೆಯ ಮೇಲೆ ತೂತುಗಳು ಒಟ್ಟಾಗಿ ಬೀಳುವ ಗುಂಪು ಬದಲಾಗುತ್ತದೆ. ನನ್ನ ನಳಿಗೆಗೆ ಒಗ್ಗಿದ್ದು ಪಕ್ಕದವನ ನಳಿಗೆಗೆ ಒಗ್ಗದೇ ಇರಬಹುದು, ಎರಡೂ ಒಂದೇ ಮಾದರಿಯಾದರೂ.

ಇನ್ನು ಗುರಿ. 50 ಮೀಟರ್ ಹಾಳೆಯಲ್ಲಿ ಹತ್ತು ಅಂಕದ ವೃತ್ತ 10.4 ಮಿಲಿಮೀಟರ್ ಅಗಲ, ಹೆಚ್ಚು ಕಮ್ಮಿ ಒಂದು ಸಣ್ಣ ಕಾಫಿ ಹಣ್ಣಿನಷ್ಟು. ಗುಂಡೇ 5.6 ಮಿಲಿಮೀಟರ್. ಇಷ್ಟು ಸಣ್ಣ ಜಾಗದಲ್ಲಿ ತೋಟಾದ ತಪ್ಪಿಗೂ ನನ್ನ ತಪ್ಪಿಗೂ ಒಟ್ಟಿಗೆ ಜಾಗ ಎಲ್ಲಿ?

ಅದಕ್ಕೇ ಶೋನೆಬೆಕ್‌ಗೆ ಹೋದದ್ದು. ಎಲ್ಬೆ ನದಿ ದಂಡೆಯ ಊರು. ಲಾಪುವಾ ಹೆಸರಿನ ಪಾಯಿಂಟ್ ಟೂಟೂ ತೋಟಾ ಅಲ್ಲಿ ತಯಾರಾಗುತ್ತದೆ. ಹೆಸರು ಫಿನ್ಲೆಂಡಿನದು, ಮಾಡೋದು ಜರ್ಮನಿಯಲ್ಲಿ. ತೋಟಾ ಪರೀಕ್ಷೆಯ ಕೇಂದ್ರವೂ ಅಲ್ಲೇ. ಹೋದ ಕೂಡಲೆ ಅವರು ಮಾಡಿದ ಮೊದಲ ಕೆಲಸ ರೈಫಲ್ಲಿನ ಮರದ ಭಾಗ ಬಿಚ್ಚಿ ಪಕ್ಕಕ್ಕಿಟ್ಟದ್ದು. ನಳಿಗೆ ಮತ್ತು ಬೋಲ್ಟ್ ಇರುವ ಭಾಗವನ್ನು ಮಾತ್ರ ಕಬ್ಬಿಣದ ಹಿಡಿತದಲ್ಲಿ ಬಿಗಿದರು. ಹೊಡೆಯುವವನಿಗೆ ಅಲ್ಲಿ ಕೆಲಸವೇ ಇಲ್ಲ. ಕೈ ನಡುಗಿತು, ಉಸಿರು ತಪ್ಪಿತು, ಕಣ್ಣಿಗೆ ಬಿಸಿಲು ಹೊಡೆಯಿತು ಅನ್ನೋ ಯಾವ ನೆಪವೂ ನಡೆಯುವುದಿಲ್ಲ.

ಒಂದು ಲಾಟ್ ಆದ ಮೇಲೆ ಇನ್ನೊಂದು, ಹತ್ತತ್ತು ಗುಂಡಿನ ಗುಂಪು. ತೋಟಾ ಬದಲಿಸಿದಾಗ ಮೊದಲ ಕೆಲವು ಗುಂಡು ಲೆಕ್ಕಕ್ಕಿಲ್ಲ. ಗುಂಡಿಗೆ ಮೇಣ ಸವರಿರುತ್ತಾರೆ, ಹಳೆಯದರ ಮೇಣ ಹೋಗಿ ಹೊಸದರ ಮೇಣ ನಳಿಗೆಗೆ ಹತ್ತಬೇಕಂತೆ. ನಾನು ಹಿಂದೆ ಕುರ್ಚಿ ಹಾಕಿಕೊಂಡು ನೋಡುತ್ತಿದ್ದೆ. ಒಂದು ಲಾಟ್ ಹತ್ತರ ವೃತ್ತ ಬಿಟ್ಟು ಕದಲಲಿಲ್ಲ. ಅದಕ್ಕಿಂತ ದುಬಾರಿಯ ಇನ್ನೊಂದು ಒಂಬತ್ತರ ಕಡೆಗೆ ಚೆದುರಿತು. "ದುಬಾರಿಯದೇ ತಗೊಳ್ಳಿ ಸಾರ್, ಒಳ್ಳೇ ಮಾಲು" ಅಂತ ಅಲ್ಲಿ ಯಾರೂ ಅನ್ನಲಿಲ್ಲ. ಅಳತೆ ತೋರಿಸಿ ಸುಮ್ಮನೆ ನಿಂತರು. ಒಗ್ಗಿದ ಲಾಟನ್ನೇ ಡಬ್ಬಿಗಟ್ಟಲೆ ಕೊಂಡು ತಂದೆ. ಅದು ಮುಗಿದರೆ ಮತ್ತೆ ಹುಡುಕಾಟ ತಾನೇ.

ತಂದ ಮೇಲೆ ಟ್ಯೂನಿಂಗ್. ನಳಿಗೆಯ ಭಾಗವನ್ನು ಮರಕ್ಕೆ ಹಿಡಿದಿಡಲು ಸ್ಕ್ರೂ ಇವೆ. ಊರಲ್ಲಾದರೆ "ಗಟ್ಟಿ ಟೈಟ್ ಮಾಡೋ" ಅಂದರೆ ಆಯಿತು. ಇಲ್ಲಿ ಬಿಗಿತ ಅಳೆದು ತಿರುಗಿಸುವ ಟಾರ್ಕ್ ರೆಂಚ್ ಬೇಕು. 4 ನ್ಯೂಟನ್ ಮೀಟರ್‌ಗೆ ಬಿಗಿದು ಒಂದು ಗುಂಪು, ನಾಲ್ಕೂವರೆಗೆ ಒಂದು, 5ಕ್ಕೆ ಒಂದು. ಗುಂಡು ಹೊರಡುವಾಗ ನಳಿಗೆ ಕಂಪಿಸುತ್ತದೆ. ಸ್ಕ್ರೂ ಬಿಗಿತ ಬದಲಾದರೆ ಆ ಕಂಪನವೂ ಬದಲಾಗಿ ಗುಂಪು ಹಿಗ್ಗಬಹುದು, ಕುಗ್ಗಬಹುದು. ಒಂದು ಸಲಕ್ಕೆ ಒಂದೇ ಬದಲಾವಣೆ ಅನ್ನೋದು ಕ್ಲಬ್ಬಿನ ಹಿರಿಯರ ನಿಯಮ. ಸ್ಕ್ರೂ ಮುಟ್ಟಿದ ದಿನ ಟ್ರಿಗರ್ ಮುಟ್ಟಬಾರದು. ಟ್ರಿಗರ್ ಭಾರ 100 ಗ್ರಾಂ ಆಸುಪಾಸು, ಕೆನ್ನೆ ಒರಗಿಸುವ ಪಟ್ಟಿ ಒಂದು ಕೂದಲೆಳೆ ಮೇಲೆ, ಭುಜಕ್ಕೆ ತಾಗುವ ತಟ್ಟೆ ಸ್ವಲ್ಪ ಕೆಳಗೆ. ಎಲ್ಲ ನೋಟ್‌ಬುಕ್‌ಗೆ ಹೋಗಬೇಕು. ಅವತ್ತಿನ ಚಳಿ, ಗಾಳಿ ಕೂಡ. ಮೊದಮೊದಲು ಇದು ಹುಚ್ಚು ಅನಿಸಿತ್ತು. ಈಗ ನೋಟ್‌ಬುಕ್ ಮನೆಯಲ್ಲಿ ಬಿಟ್ಟು ಬಂದರೆ ನನಗೆ ಕೈಯೇ ಓಡುವುದಿಲ್ಲ.

ಇಷ್ಟೆಲ್ಲ ಮಾಡಿ ಹೊಡೆಯುವ ಗುಂಡಿನ ವೇಗ ಸೆಕೆಂಡಿಗೆ 320-330 ಮೀಟರ್. ಬೇಕಂತಲೇ ಶಬ್ದದ ವೇಗಕ್ಕಿಂತ ತುಸು ಕಮ್ಮಿ ಇಟ್ಟಿರುತ್ತಾರೆ. ಶಬ್ದಕ್ಕಿಂತ ವೇಗವಾಗಿ ಹೊರಟು ದಾರಿಯಲ್ಲಿ ಆ ಗಡಿ ಇಳಿಯುವಾಗ ಗುಂಡು ಅಲ್ಲಾಡುತ್ತೆ ಅಂತ. ಇದನ್ನು ದೊಡ್ಡಪ್ಪನಿಗೆ ಹೇಳಿಲ್ಲ. ಜೋರಿಲ್ಲದ ಕೋವಿ ಅಂತ ಊರಿಡೀ ಹೇಳಿಕೊಂಡು ಬರುತ್ತಾರೆ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಲೆ 50 ಮೀಟರ್ ತ್ರೀ ಪೊಸಿಷನ್‌ನಲ್ಲಿ (ಮಂಡಿಯೂರಿ, ಮಲಗಿ, ನಿಂತು ಹೊಡೆಯೋದು) ಕಂಚು ಗೆದ್ದರಲ್ಲ, ಅದು ಇದೇ ಪಾಯಿಂಟ್ ಟೂಟೂ. ನಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಅವತ್ತು ಹಬ್ಬ. ಎಂಥ ಕೈ, ಎಂಥ ಕಣ್ಣು ಅಂತ ಒಬ್ಬರ ಮೇಲೊಬ್ಬರು. ಕೈ, ಕಣ್ಣು ಎರಡೂ ಹೌದು. ಆದರೆ ಆ ಮಟ್ಟದಲ್ಲಿ ಹೊಡೆಯುವವರು ತೋಟಾ ಆರಿಸೋಕೆ ಪಡುವ ಪಾಡು ಎಷ್ಟು ಅಂತ ನಾನು ಬರೆದೆ. ಯಾರೂ ಒಂದು ಲೈಕ್ ಸಹ ಒತ್ತಲಿಲ್ಲ.

ಕೋವಿ ಒಂದೇ ಆಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಮೋಟಾರ್ ರಿಪೇರಿಯಾಗಿ ಬಂದರೆ "ಓಡುತ್ತಲ್ಲ, ಬಿಡು" ಅನ್ನುತ್ತೇವೆ. ಹೊಸ ಟ್ಯಾಂಕಿಗೆ ನೀರು ತುಂಬಿ ನೋಡದೆ ಗೃಹಪ್ರವೇಶದ ದಿನ ಇಡುತ್ತೇವೆ. ಹೊಸ ಜೀಪಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ನೇರ ಚಾರ್ಮಾಡಿ ಘಾಟಿ ಇಳಿಸುತ್ತೇವೆ. ಬ್ರೇಕ್ ಹೇಗಿದೆ ಅಂತ ಘಾಟಿಯ ತಿರುವಿನಲ್ಲೇ ಗೊತ್ತಾಗಬೇಕು.

ಆಯುಧಪೂಜೆಗೆ ನಾನೂ ರೈಫಲ್ಲಿಗೆ ಕುಂಕುಮ ಇಟ್ಟೆ. ಚೆಂಡು ಹೂವು ಸಿಗಲಿಲ್ಲ. ಒರೆಸಿದ್ದು ಸಾಲದೆ ಸ್ಕ್ರೂ ಪಕ್ಕ ಸ್ವಲ್ಪ ಕೆಂಪು ಉಳಿದಿತ್ತು. ಕ್ಲಬ್ಬಿನ ಹಿರಿಯರು ಬಗ್ಗಿ ನೋಡಿ, "ಒಳ್ಳೇ ಕೆಲಸ, ಸ್ಕ್ರೂ ಸಡಿಲ ಆದ್ರೆ ಗೊತ್ತಾಗೋಕೆ ಗುರುತು ಹಾಕಿದ್ದೀರಾ?" ಅಂದರು. ಹೌದು ಅಂದೆ.

ಕಾಗದ ಪತ್ರದ ಕಾಟ ಎರಡೂ ಕಡೆ ಇದೆ. ಇಲ್ಲಿ ಸ್ವಂತ ರೈಫಲ್ಲಿಗೆ ಮೊದಲು ಕಮ್ಮಿ ಅಂದರೂ 12 ತಿಂಗಳು ಕ್ಲಬ್ಬಿನ ಸದಸ್ಯನಾಗಿ ಹೊಡೆದಿರಬೇಕು, ಪರೀಕ್ಷೆ ಪಾಸಾಗಬೇಕು, ಮನೆಯಲ್ಲಿ ಉಕ್ಕಿನ ಕಪಾಟು ಇರಬೇಕು. ಅದನ್ನು ನೋಡೋಕೆ ಅಧಿಕಾರಿಗಳು ಮುಂಚೆ ಹೇಳದೆ ಬಂದು ಬಾಗಿಲು ತಟ್ಟಬಹುದು. ಊರಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ, ಲೈಸೆನ್ಸ್ ನವೀಕರಣ, ಪೊಲೀಸ್ ವರದಿ. ಕೊಡವರಿಗೆ, ಕೊಡಗಿನ ಜಮ್ಮಾ ಅನ್ನೋ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಲೈಸೆನ್ಸ್‌ನಿಂದ ಇರುವ ವಿನಾಯಿತಿ ನಮ್ಮ ಜಿಲ್ಲೆಗಿಲ್ಲ. ಎಲೆಕ್ಷನ್ ಬಂತು ಅಂದರೆ ಕೋವಿ ಠಾಣೆಗೆ.

ಮತ್ತೆ ತೋಟಾ. ಇದನ್ನು ಮನಸ್ಸಿಲ್ಲದಿದ್ದರೂ ಒಪ್ಪಬೇಕು. ನಾನು ಒಂದು ಸಂಜೆಯಲ್ಲಿ ಹೊಡೆದು ಮುಗಿಸುವಷ್ಟು ತೋಟಾ ದೊಡ್ಡಪ್ಪನಿಗೆ ವರ್ಷಗಟ್ಟಲೆ ಬರುತ್ತದೆ. ಲೈಸೆನ್ಸ್ ಪುಸ್ತಕದಲ್ಲಿ ಬರೆದಷ್ಟೇ ಕೊಳ್ಳಬೇಕು, ಅದಕ್ಕೂ ಪೇಟೆಗೆ ಹೋಗಬೇಕು. ಹಂದಿ ಗದ್ದೆಗೆ ನುಗ್ಗಿದ ರಾತ್ರಿ ಸದ್ದು ಮಾಡೋಕೆ ಅಂತ ಎತ್ತಿಟ್ಟಿದ್ದನ್ನು ಹಾಳೆಗೆ ಹೊಡಿ ಅಂದರೆ ಯಾರಿಗಾದರೂ ಮುಖ ಗಂಟಾಗುತ್ತದೆ.

ಇನ್ನೊಂದು ಸಂಗತಿ ಒಪ್ಪೋದು ಅದಕ್ಕಿಂತ ಕಷ್ಟ. ದೊಡ್ಡಪ್ಪ ಬೆಳಿಗ್ಗೆ ಎದ್ದು ಕಾಫಿಗೂ ಮುಂಚೆ ಅಂಗಳದ ಮಳೆ ಮಾಪಕ ನೋಡುತ್ತಾರೆ. ಎಷ್ಟು ಇಂಚು, ಎಷ್ಟು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಅಂತ ಡೈರಿಯಲ್ಲಿ ಬರೆಯುತ್ತಾರೆ. ನನಗೆ ಬುದ್ಧಿ ಬಂದಾಗಿನಿಂದ ಒಂದು ದಿನವೂ ತಪ್ಪಿದ್ದು ನೋಡಿಲ್ಲ. ಕಾಫಿ ಹೂವು ಅರಳಿಸುವ ಹೂಮಳೆ ಸಮಯದಲ್ಲಿ "ನಿಮ್ಮಲ್ಲಿ ಎಷ್ಟು ಸೆಂಟ್ ಆಯ್ತು?" ಅಂತ ತೋಟದಿಂದ ತೋಟಕ್ಕೆ ಫೋನ್. ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಮಾರುವಾಗ 50 ಕೆ.ಜಿ. ಚೀಲದ ಔಟ್‌ಟರ್ನ್, ಅಂದರೆ ಅದರಿಂದ ಸಿಗುವ ಬೀಜದ ತೂಕ, ಎಷ್ಟು ಅಂತ ವ್ಯಾಪಾರಿ ಹೇಳಿದ್ದನ್ನು ನಂಬುವುದಿಲ್ಲ. ಎದುರಿಗೇ ಸ್ಯಾಂಪಲ್ ಸಿಪ್ಪೆ ಬಿಡಿಸಿ, ಬೀಜ ತೂಗಿಸಿ, ಇನ್ನೊಂದು ಸಲ ತೂಗಿಸುತ್ತಾರೆ. ಮೈಲುತುತ್ತ, ಸುಣ್ಣ ಕಲಸಿ ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಕತ್ತಿಯ ತುದಿ ಅದ್ದಿ ನೋಡುತ್ತಾರೆ. ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು, ಮತ್ತೆ ಹಾಕು. ಶೋನೆಬೆಕ್‌ನವರು ಇವರ ಮುಂದೆ ಏನೂ ಅಲ್ಲ. ನನಗೋ, ಸ್ಟಟ್‌ಗಾರ್ಟ್‌ನಲ್ಲಿ ನಿನ್ನೆ ಎಷ್ಟು ಮಳೆ ಬಂತು ಅಂತಲೂ ಗೊತ್ತಿಲ್ಲ.

ಇಷ್ಟೆಲ್ಲ ಒಪ್ಪಿದ ಮೇಲೂ ಎಡಗಡೆ ನಳಿಗೆಯ ವಿಷಯದಲ್ಲಿ ಮಾತ್ರ ನಾನು ಬಿಡುವವನಲ್ಲ. ಹಾಳೆ ನಾನೇ ತರುತ್ತೇನೆ, ಎರಡು ತೋಟಾದ ದುಡ್ಡೂ ನಾನೇ ಕೊಡುತ್ತೇನೆ ಅಂತ ದೊಡ್ಡಪ್ಪನಿಗೆ ಮೆಸೇಜ್ ಹಾಕಿದೆ. ಓದಿದ್ದಾರೆ, ನೀಲಿ ಗೆರೆ ಬಂದಿದೆ. ಆಮೇಲೆ ಬಂದದ್ದು ಅವತ್ತಿನ ಮಳೆಯ ಲೆಕ್ಕ: 1 ಇಂಚು 20 ಸೆಂಟ್.