ಊಟದ ಬಿಡುವಿನಲ್ಲಿ ಮಷಿನ್ ಮುಟ್ಟಿದರೆ ಏನು ತಪ್ಪು?

ನಿನ್ನೆಯಿಂದ ಸಿಟ್ಟು ಇಳಿದಿಲ್ಲ. ಬರೆದೇ ಬಿಡುತ್ತೇನೆ.

ನಾನು ಲೆಕ್ಕ ನೋಡುವ ಜೀನ್ಸ್ ಯೂನಿಟ್‌ಗಳಲ್ಲಿ ಒಂದಕ್ಕೆ ಬಿಲ್ ಬುಕ್ ತರಲು ಹೋಗಿದ್ದೆ. ಊಟದ ಹೊತ್ತು. ಹೊಲಿದ ಪ್ಯಾಂಟಿನಲ್ಲಿ ಉಳಿದ ದಾರ ಕತ್ತರಿಸುವ ಹುಡುಗಿ ಒಬ್ಬಳು ಬೇಗ ಬುತ್ತಿ ಮುಗಿಸಿ, ಖಾಲಿ ಇದ್ದ ಸಿಂಗಲ್ ನೀಡಲ್ ಮಷಿನ್ ಮುಂದೆ ಕೂತಿದ್ದಳು. ಕಟಿಂಗ್‌ನಲ್ಲಿ ಉಳಿದ ಚಿಂದಿ ಬಟ್ಟೆ ಮೇಲೆ ಹೊಲಿಗೆ ಹಾಕುತ್ತಿದ್ದಳು. ನೇರವಾಗಿ ಒಂದು ಗೆರೆ, ಆಮೇಲೆ ಜೇಬಿನ ತಿರುವು, ಮತ್ತೆ ನೇರ. ಚೆನ್ನಾಗಿಯೇ ಬರುತ್ತಿತ್ತು. ಸೂಪರ್‌ವೈಸರ್ ಬಂದವರೇ ಎಲ್ಲರ ಮುಂದೆ ಕೂಗಿದರು: "ನಿನ್ ಕೆಲ್ಸ ಏನೈತಿ ಅದನ್ನ ನೋಡು. ಸೂಜಿ ಮುರಿದ್ರೆ ಯಾರು ಕೊಡ್ತಾರ?" ಅವಳು ಚಿಂದಿ ಮುದುಡಿಕೊಂಡು ಎದ್ದು ಹೋದಳು.

ಒಂದು ಸೂಜಿಗಾಗಿ! ಅವರು ವಯಸ್ಸಿನಲ್ಲಿ ನನಗಿಂತ ದೊಡ್ಡವರು. ಆದರೂ ನಾನು ಸುಮ್ನಿರಲಿಲ್ಲ. "ಅಣ್ಣಾ, ಅವಳು ಊಟದ ಬಿಡುವಲ್ಲಿ ಕೂತಿದ್ದಾಳೆ, ನಿಮ್ಮ ಟೈಮಲ್ಲಿ ಅಲ್ಲ" ಅಂದೆ. "ನಿಮ್ ಲೆಕ್ಕ ನೀವು ನೋಡ್ರಿ ಮೇಡಂ" ಅಂದರು. ಅವಳಿಗೆ ಹೇಳಿದ ಮಾತನ್ನೇ ನನಗೂ ಹೇಳಿದರು.

ಬಳ್ಳಾರಿಯಲ್ಲಿ ಯಾರನ್ನು ಕೇಳಿದರೂ ಮಕ್ಕಳು ಬೆಳೆಯಬೇಕು, ಅವಕಾಶ ಬೇಕು ಅನ್ನುತ್ತಾರೆ. ಅವಕಾಶ ಅಂದರೆ ಎರಡೇ ದಾರಿ ಕಾಣುತ್ತವೆ. ಒಂದು ಬೆಂಗಳೂರಿನ ರಾತ್ರಿ ಬಸ್ಸು, ಇನ್ನೊಂದು ಸರ್ಕಾರಿ ಪರೀಕ್ಷೆ. ಸಂವಿಧಾನದ 371ಜೆ ವಿಧಿ ಬಂದ ಮೇಲೆ ನಮ್ಮ ಕಲ್ಯಾಣ ಕರ್ನಾಟಕದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80, ಗ್ರೂಪ್ ಡಿ ಹುದ್ದೆಗಳಲ್ಲಿ ಶೇ 85 ಸ್ಥಳೀಯರಿಗೆ ಮೀಸಲು. ಎಷ್ಟೋ ವರ್ಷ ಹೋರಾಡಿ ಪಡೆದದ್ದು, ಬೇಕೇ ಬೇಕು. ಆದರೆ ನಮ್ಮೂರಿನ ಮುಂಡ್ರಗಿಯಿಂದ ಕೌಲ್ ಬಜಾರಿನವರೆಗೆ ಜೀನ್ಸ್ ಕೆಲಸದಲ್ಲೇ ಬದುಕುತ್ತಿರುವ ಇಷ್ಟೊಂದು ಜನಕ್ಕೆ ಪರೀಕ್ಷೆಯೂ ಇಲ್ಲ, ಬೆಂಗಳೂರೂ ಇಲ್ಲ. ಅವರಿಗಿರುವ ದಾರಿ ಪಕ್ಕದ ಮಷಿನ್ನು, ಅಷ್ಟೇ. ಅಲ್ಲಿಗೂ ಹೋಗಬೇಡ ಅಂದರೆ ಹೇಗೆ?

ಜೀನ್ಸ್ ಪ್ಯಾಂಟು ಒಬ್ಬರ ಕೈಯಲ್ಲಿ ಆಗುವುದಿಲ್ಲ. ಕಟಿಂಗ್ ಮಾಸ್ಟರ್ ಬಟ್ಟೆ ಹಾಸಿ ಕತ್ತರಿಸಬೇಕು. ಜೇಬು ಹೊಲಿಯುವವರು ಒಬ್ಬರು, ಜಿಪ್ ಕೂರಿಸುವವರು ಇನ್ನೊಬ್ಬರು. ಓವರ್‌ಲಾಕ್, ಬೆಲ್ಟು, ಬಾಟಂ, ಲೂಪು, ಕಾಜ-ಬಟನ್, ವಾಷಿಂಗ್, ದಾರ ಕತ್ತರಿಸುವುದು, ಇಸ್ತ್ರಿ, ಪ್ಯಾಕಿಂಗ್. ಒಂದೊಂದು ಕೆಲಸಕ್ಕೆ ಒಂದೊಂದು ಪೀಸ್ ರೇಟು. ದಾರ ಕತ್ತರಿಸುವವರಿಗೆ ಸಿಗುವುದು ತೀರಾ ಕಡಿಮೆ. ಮಷಿನ್ನಿಗೆ ಕೂತರೆ ಜಾಸ್ತಿ. ಕಟಿಂಗ್ ಟೇಬಲ್ಲಿಗೆ ಬಂದರೆ ಓನರ್ ಕೂಡ ಮರ್ಯಾದೆಯಿಂದ ಮಾತಾಡಿಸುತ್ತಾರೆ. ಆ ಟೇಬಲ್ಲಿನ ಮೇಲೆ ಮಾರ್ಕರ್ ಹಾಕುವುದಿದೆಯಲ್ಲ, ಅಂದರೆ ಅಳತೆಯ ತುಂಡುಗಳನ್ನು ಬಟ್ಟೆ ವ್ಯರ್ಥ ಆಗದ ಹಾಗೆ ಜೋಡಿಸುವುದು, ಅದರಲ್ಲೇ ಯೂನಿಟ್ಟಿನ ಲಾಭ ಇರುವುದು. ಪ್ಯಾಂಟಿಗೆ 5 ಸೆಂಟಿಮೀಟರ್ ಉಳಿಸಿದರೆ ಸಾವಿರ ಪ್ಯಾಂಟಿಗೆ 50 ಮೀಟರ್ ಬಟ್ಟೆ ಉಳಿಯುತ್ತದೆ. ಲೆಕ್ಕ ಬರೆಯುವವಳು ನಾನು, ಆ 50 ಮೀಟರ್ ಏನು ಅಂತ ನನಗೆ ಗೊತ್ತು. ಇಷ್ಟು ಬೆಲೆಯ ವಿದ್ಯೆ ಎಷ್ಟು ಯೂನಿಟ್‌ಗಳಲ್ಲಿ ಒಬ್ಬರ ತಲೆಯಲ್ಲಿ ಮಾತ್ರ ಇದೆ! ಅವರು ಜ್ವರ ಅಂತ ಮಲಗಿದರೆ ಟೇಬಲ್ಲು ಖಾಲಿ.

ಇದನ್ನು ಇಲ್ಲಿ ಯಾವತ್ತೂ ಬರೆದಿರಲಿಲ್ಲ. ನಮ್ಮವ್ವ ದಾರ ಕತ್ತರಿಸುತ್ತಿದ್ದಳು. ಯೂನಿಟ್ಟಿನಲ್ಲಲ್ಲ, ಮನೆಯಲ್ಲಿ. ಸಂಜೆ ಬಂಡಲ್ ಬರುತ್ತಿತ್ತು, ಬೆಳಿಗ್ಗೆ ಒಯ್ಯುತ್ತಿದ್ದರು. ರೊಟ್ಟಿ ತಟ್ಟುವಾಗಲೂ ಅವಳ ಬೆರಳು ನೀಲಿ ಇರುತ್ತಿದ್ದವು. ಪ್ಯಾಂಟನ್ನು ತಿರುಗಿಸಿ ನೋಡಿದರೆ ಸಾಕು, ಇದು ಯಾರ ಹೊಲಿಗೆ, ಎಲ್ಲಿ ಬಿಟ್ಟಿದ್ದಾರೆ ಅಂತ ಹೇಳುತ್ತಿದ್ದಳು. ಅಷ್ಟು ಕಣ್ಣಿದ್ದವಳು ಒಮ್ಮೆ ಮಷಿನ್ ಕಲಿಸುತ್ತೀರಾ ಅಂತ ಕೇಳಿದ್ದಳು. "ನಿನಗ್ಯಾಕಮ್ಮ ಅದೆಲ್ಲ" ಅಂದರಂತೆ. ಅವಳು ಮತ್ತೆ ಕೇಳಲಿಲ್ಲ. ಕೊನೆವರೆಗೂ ದಾರವನ್ನೇ ಕತ್ತರಿಸಿದಳು. ನಿನ್ನೆ ಆ ಹುಡುಗಿಯನ್ನು ಎಬ್ಬಿಸಿದಾಗ ನನಗೆ ಕಂಡದ್ದು ಅವ್ವನೇ. ಅದಕ್ಕೇ ಇಷ್ಟು ಸಿಟ್ಟು.

ನನ್ನ ಬದುಕು ಬೇರೆಯಾಯಿತು. ಒಬ್ಬರು ಪಕ್ಕದಲ್ಲಿ ಕೂರಿಸಿಕೊಂಡರು ಅನ್ನುವುದು ಬಿಟ್ಟರೆ ಅದಕ್ಕೆ ಬೇರೆ ಕಾರಣವಿಲ್ಲ. ನಾನು ಚಲನ್, ಅಂದರೆ ಮಾಲಿನ ಜೊತೆ ಕಳಿಸುವ ಚೀಟಿ, ಬರೆಯಲು ಸೇರಿದವಳು. ಲೆಕ್ಕದ ಪುಸ್ತಕವೆಲ್ಲ ಹಿರಿಯ ಗುಮಾಸ್ತರ ಕೈಯಲ್ಲಿತ್ತು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಊರಲ್ಲಿ ಎಲ್ಲರಿಗೂ ಗಾಬರಿ. ಗುಮಾಸ್ತರು ಮುಂಗೋಪಿ. ಆದರೂ ಕುರ್ಚಿ ಎಳೆದು "ಬಾರವ್ವ, ಕೂಡು, ಇಬ್ರೂ ನೋಡೋಣ" ಅಂದರು. ಸಾವಿರ ರೂಪಾಯಿವರೆಗಿನ ಉಡುಪಿಗೆ ಶೇ 5 ತೆರಿಗೆ, ಅದಕ್ಕೆ ಮೇಲ್ಪಟ್ಟರೆ ಶೇ 12, ಜಾಬ್ ವರ್ಕಿಗೆ, ಅಂದರೆ ಹೊರಗಿನವರಿಂದ ಕೆಲಸ ಮಾಡಿಸಲು, ಕಳಿಸಿದ ಮಾಲಿಗೆ ಬೇರೆ ಚಲನ್. ಒಂದೊಂದೇ ಕಲಿತೆವು. ಮುಂದಿನ ಏಪ್ರಿಲ್‌ಗೆ ಮಾಲು ಸಾಗಿಸಲು ಆನ್‌ಲೈನಲ್ಲಿ ಮಾಡಬೇಕಾದ ಇ-ವೇ ಬಿಲ್ ಬಂತು. ಅಷ್ಟರಲ್ಲಿ ಅಕ್ಕಪಕ್ಕದ ಯೂನಿಟ್ಟಿನವರು ನನ್ನನ್ನು ಹುಡುಕಿಕೊಂಡು ಬರತೊಡಗಿದ್ದರು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗೆ ಶೇ 5, ಮೇಲೆ ಶೇ 18 ಆದಾಗ ಓನರ್‌ಗಳಿಗೆ ನಾನೇ ಕೂತು ವಿವರಿಸಿದೆ. ಆ ಗುಮಾಸ್ತರು ಅವತ್ತು "ನಿನ್ನ ಚಲನ್ ನೀನು ಬರಿ" ಅಂದಿದ್ದರೆ ನಾನು ಈಗಲೂ ಚಲನ್ ಬರೆಯುತ್ತಿದ್ದೆ.

ಓನರ್‌ಗಳು ಒಂದು ಮಾತು ಹೇಳುತ್ತಾರೆ. ಕಲಿಸಿದರೆ ಪೀಸಿಗೆ ಒಂದು ರೂಪಾಯಿ ಜಾಸ್ತಿ ಕೊಡುವ ಕಡೆ ಹೋಗಿಬಿಡುತ್ತಾರೆ ಅಂತ. ಹೋಗುತ್ತಾರೆ, ನಿಜ. ಕಲಿಸದಿದ್ದರೆ ಇರುತ್ತಾರಾ? ಯುಗಾದಿಗೆ ಊರಿಗೆ ಹೋದವರು ವಾಪಸ್ ಬಂದಿಲ್ಲ ಅಂತ ಪ್ರತಿ ವರ್ಷ ಗೋಳಾಡುವವರೂ ಇವರೇ ಅಲ್ವಾ? ಜಿಪ್ ಹಾಕುವವನು ಬರದಿದ್ದರೆ ಬೆಲ್ಟಿನವರೂ ಬಾಟಂನವರೂ ಕೈಕಟ್ಟಿ ಕೂರಬೇಕು. ಅವತ್ತಿನ ನಷ್ಟವನ್ನು ಯಾರೂ ಪುಸ್ತಕದಲ್ಲಿ ಬರೆಸುವುದಿಲ್ಲ. ಸೂಜಿ ಖರ್ಚು ಮಾತ್ರ ತಪ್ಪದೇ ಬರೆಸುತ್ತಾರೆ. ಎರಡು ಕೆಲಸ ಬಲ್ಲವರು ನಾಲ್ಕು ಜನ ಇದ್ದರೆ ಲೈನ್ ನಿಲ್ಲುವುದಿಲ್ಲ. ಇದಕ್ಕೆ ಯಾರ ಹತ್ತಿರವೂ ಸರಿಯಾದ ಉತ್ತರ ನನಗೆ ಸಿಕ್ಕಿಲ್ಲ.

2024ರ ಆಗಸ್ಟ್ 10ರ ರಾತ್ರಿ ನೆನಪಿದೆಯಲ್ಲ? ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೇದು ಚೈನು ತುಂಡಾಗಿ ಕೊಚ್ಚಿಹೋಯಿತು. ಕೊಪ್ಪಳ, ರಾಯಚೂರು, ಬಳ್ಳಾರಿ ರೈತರೆಲ್ಲ ಎದೆ ಹಿಡಿದುಕೊಂಡು ಕೂತರು. ಆಗ ಕರೆಸಿದ್ದು ಯಾರನ್ನು? ಕೆಲಸದಿಂದ ನಿವೃತ್ತರಾಗಿದ್ದ ಡ್ಯಾಮ್ ಗೇಟಿನ ಪರಿಣತ ಕನ್ನಯ್ಯ ನಾಯ್ಡು ಅವರನ್ನು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಜಾಗಕ್ಕೆ ತಾತ್ಕಾಲಿಕ ಉಕ್ಕಿನ ತಡೆ, ಇಳಿಸಿ, ವಾರದೊಳಗೆ ನೀರು ನಿಲ್ಲಿಸಿದರು. ನಾನು ಟಿವಿ ಮುಂದೆ ಕೂತು ಕೈಮುಗಿದೆ. ಜೊತೆಗೆ ಭಯವೂ ಆಯಿತು. ಇಂಥ ಕೆಲಸ ಬಲ್ಲವರ ಪಕ್ಕದಲ್ಲಿ ನಿಂತು ಕಲಿಯುತ್ತಿರುವ ಹುಡುಗರು ನಮ್ಮ ಕಡೆ ಎಷ್ಟು ಜನ ಇದ್ದಾರೆ?

ಯೂನಿಟ್ ನಡೆಸುವ ಗೆಳೆಯರು ಇದನ್ನು ಓದುತ್ತೀರಿ, ಗೊತ್ತು. ಕೆಲಸ ಮಾಡುತ್ತಲೇ ಕಲಿಯುವವರಿಗಾಗಿ ಅಪ್ರೆಂಟಿಸ್ ಕಾಯ್ದೆ 1961ರಿಂದ ಇದೆ. 30 ಅಥವಾ ಹೆಚ್ಚು ಜನ ದುಡಿಯುವ ಕಡೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ನಾಲ್ಕೇ ಜನ ಇದ್ದರೂ ಇಷ್ಟವಿದ್ದರೆ ತೆಗೆದುಕೊಳ್ಳಬಹುದು. ಕೇಂದ್ರದ ಅಪ್ರೆಂಟಿಸ್ ಯೋಜನೆಯಲ್ಲಿ ಸ್ಟೈಪೆಂಡಿನ ಕಾಲು ಭಾಗ, ತಿಂಗಳಿಗೆ 1,500 ರೂಪಾಯಿವರೆಗೆ, ಸರ್ಕಾರವೇ ಕೊಡುತ್ತದೆ. ಕಾಗದಪತ್ರ ಕಿರಿಕಿರಿ ಅನ್ನಬೇಡಿ, ಅದನ್ನು ನಾನು ಮಾಡಿಕೊಡುತ್ತೇನೆ. ಅದೂ ಬೇಡವಾದರೆ ಊಟದ ಬಿಡುವಿನ ಅರ್ಧ ಗಂಟೆ ಒಂದು ಹಳೇ ಮಷಿನ್, ಒಂದು ಚೀಲ ಚಿಂದಿ ಬಿಟ್ಟುಕೊಡಿ. ಮುರಿದ ಸೂಜಿಯ ದುಡ್ಡು ನನ್ನ ಫೀಸಿನಲ್ಲಿ ಹಿಡಿದುಕೊಳ್ಳಿ. ಸಿಟ್ಟಿನಲ್ಲಿ ಹೇಳುತ್ತಿಲ್ಲ, ನಿಜವಾಗಿಯೂ ಹಿಡಿದುಕೊಳ್ಳಿ.

ನನಗೆ ಹೊಲಿಗೆ ಬರುವುದಿಲ್ಲ, ಲೆಕ್ಕ ಬರುತ್ತದೆ. ಬಳ್ಳಾರಿಯಲ್ಲಿ ಇರುವವರು, ಪಿಯುಸಿಯೋ ಬಿ.ಕಾಂ.ನೋ ಓದಿ ಅಂಗಡಿಯಲ್ಲಿ ಬಿಲ್ ಬರೆಯುತ್ತಿರುವವರು, ಮುಂದಿನ ಭಾನುವಾರದಿಂದ ಬೆಳಿಗ್ಗೆ ಹತ್ತಕ್ಕೆ ನಮ್ಮ ಮನೆಗೆ ಬನ್ನಿ. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್, ಜಿಎಸ್‌ಟಿ ರಿಟರ್ನ್, ಇ-ವೇ ಬಿಲ್, ನನಗೆ ಗೊತ್ತಿದ್ದಷ್ಟು ಹೇಳಿಕೊಡುತ್ತೇನೆ. ದುಡ್ಡು ಬೇಡ. ಲ್ಯಾಪ್‌ಟಾಪ್ ಒಂದೇ ಇದೆ, ಸರದಿ ಮೇಲೆ ಕೂರೋಣ. ಬರುವವರು ಇನ್‌ಬಾಕ್ಸ್‌ನಲ್ಲಿ ಹೆಸರು ಹಾಕಿ, ಈಗ ಏನು ಕೆಲಸ ಮಾಡುತ್ತಿದ್ದೀರಿ ಅಂತಲೂ ಬರೆಯಿರಿ.